ಚಿಕಾಗೊ ಲೂಪ್‌ನಲ್ಲಿ ಕೆಲಸ ಸಿಕ್ಕಿತು, ಮನೆ ಎಲ್ಲಿ ಮಾಡುವುದು?

ಲೂಪ್ ಅಂದರೆ ಚಿಕಾಗೊದ ನಡುಪೇಟೆ. ಮಂಗಳೂರು, ಉಡುಪಿ ಕಡೆಯಿಂದ ಚಿಕಾಗೊಗೆ ಹೊರಟವರ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ ಒಂದೇ: "ಆ ಏರಿಯಾ ಸೇಫ್ ಉಂಟಾ?" ಟಿವಿಯಲ್ಲಿ ಗುಂಡಿನ ಸುದ್ದಿ ನೋಡಿದ ಅಪ್ಪ ಅಮ್ಮನಿಗೆ ಆ ಹೆದರಿಕೆ ಇದ್ದೇ ಇರುತ್ತದೆ. ನಾನು ಅಲ್ಲಿ ತುಂಬಾ ವರ್ಷ ಇದ್ದು ಈಗ ಊರಿಗೆ ಬಂದಿದ್ದೇನೆ. ಕದ್ರಿ, ಮಣಿಪಾಲದ ಮಕ್ಕಳು ಹೊರಡುವ ಮೊದಲು ಬಂದು ಕೇಳಿದಾಗ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಊರಿನ ಹೆಸರು ನೋಡಿ ಮನೆ ಹಿಡಿಯಬೇಡಿ. ಮನೆ ಬಾಗಿಲಿನಿಂದ ಆಫೀಸಿನ ತನಕ ದಾರಿ ಹೇಗಿದೆ ನೋಡಿ. ಅದೂ ಕತ್ತಲಾದ ಮೇಲೆ ಹೇಗಿರುತ್ತದೆ ಅಂತ ನೋಡಿ.

ನಮ್ಮ ಕರಾವಳಿಯಲ್ಲಿ ವರ್ಷವಿಡೀ ಸಂಜೆ ಆರರ ತನಕ ಬೆಳಕಿರುತ್ತದೆ. ಚಿಕಾಗೊದಲ್ಲಿ ಹಾಗಲ್ಲ. ಡಿಸೆಂಬರ್‌ನಲ್ಲಿ ನಾಲ್ಕೂವರೆಯೊಳಗೆ ಸೂರ್ಯ ಮುಳುಗಿ ಆಗಿರುತ್ತದೆ. ಜೂನ್, ಜುಲೈಯಲ್ಲಿ ರಾತ್ರಿ ಎಂಟಕ್ಕೂ ಬೆಳಕು. ಬೇಸಿಗೆಯಲ್ಲಿ ಹೋಗಿ ಮನೆ ನೋಡಿದವರಿಗೆ ಎಲ್ಲ ಬೀದಿಯೂ ಚೆಂದವೇ ಕಾಣುತ್ತದೆ. ಅದೇ ಬೀದಿಯಲ್ಲಿ ಜನವರಿ ಸಂಜೆ ಆರಕ್ಕೆ, ಮೈನಸ್ ಹತ್ತು ಡಿಗ್ರಿಯಲ್ಲಿ, ಹಿಮ ಗಟ್ಟಿಯಾದ ಫುಟ್‌ಪಾತ್ ಮೇಲೆ ಒಬ್ಬರೇ ನಡೆಯಬೇಕಾಗುತ್ತದೆ. ಸ್ಟೇಷನ್‌ನಿಂದ ಹತ್ತು ನಿಮಿಷ, ದೀಪ ಇರುವ ರಸ್ತೆ, ದಾರಿಯಲ್ಲಿ ತೆರೆದ ಅಂಗಡಿ ನಾಲ್ಕಾದರೂ ಇದ್ದರೆ ಆ ಮನೆಗೆ ಬಾಡಿಗೆ ಸ್ವಲ್ಪ ಜಾಸ್ತಿ ಕೊಡಿ.

ಅಲ್ಲಿ ರೈಲು ಎರಡು ಬಗೆ. ನಗರದೊಳಗೆ ಓಡುವುದು ಸಿಟಿಎ ಎಂಬ ಸಾರಿಗೆ ಸಂಸ್ಥೆಯ 'ಎಲ್'. ಉಪನಗರಗಳಿಂದ ಬರುವುದು ಮೆಟ್ರಾ. ಎಲ್‌ನ ರೆಡ್ ಲೈನ್, ಬ್ಲೂ ಲೈನ್ ದಿನದ 24 ಗಂಟೆಯೂ ಓಡುತ್ತವೆ. ಮೆಟ್ರಾ ಹಾಗಲ್ಲ, ನಡುರಾತ್ರಿ ಹೊತ್ತಿಗೆ ನಿಲ್ಲುತ್ತದೆ, ಶನಿವಾರ ಭಾನುವಾರ ಕಡಿಮೆ. ತಡರಾತ್ರಿ ಶಿಫ್ಟ್ ಇರುವವರು ದೂರದ ಉಪನಗರದ ಆಸೆ ಬಿಡುವುದೇ ಒಳ್ಳೆಯದು.

ಸಂಸಾರಸ್ಥರು ಹೆಚ್ಚಾಗಿ ನೋಡುವುದು ಮೆಟ್ರಾದ ಬಿಎನ್ಎಸ್ಎಫ್ ಲೈನ್. ಅರೋರಾದಿಂದ ಹೊರಟು ನೇಪರ್‌ವಿಲ್, ಲೈಲ್, ಡೌನರ್ಸ್ ಗ್ರೋವ್, ಹಿನ್ಸ್‌ಡೇಲ್, ಲಾಗ್ರೇಂಜ್ ಹಾದು ಯೂನಿಯನ್ ಸ್ಟೇಷನ್ ಸೇರುತ್ತದೆ. ನೇಪರ್‌ವಿಲ್‌ನಿಂದ ಸುಮಾರು 45 ಕಿಲೋಮೀಟರ್. ಎಕ್ಸ್‌ಪ್ರೆಸ್ ಸಿಕ್ಕಿದರೆ ಮುಕ್ಕಾಲು ಗಂಟೆ ಹಿಡಿಯುತ್ತದೆ, ಎಲ್ಲ ಕಡೆ ನಿಲ್ಲುವ ರೈಲಾದರೆ ಗಂಟೆ ದಾಟುತ್ತದೆ. ಮನೆ ನೋಡುವಾಗ ನಿಮ್ಮ ಸ್ಟೇಷನ್‌ನಲ್ಲಿ ಬೆಳಿಗ್ಗೆ ಎಕ್ಸ್‌ಪ್ರೆಸ್ ನಿಲ್ಲುತ್ತದಾ ಅಂತ ವೇಳಾಪಟ್ಟಿ ತೆಗೆದು ನೋಡಿ. ಯೂನಿಯನ್ ಸ್ಟೇಷನ್ ಇರುವುದು ನದಿಯ ಪಶ್ಚಿಮ ದಡದಲ್ಲಿ. ಆಫೀಸು ಮಿಷಿಗನ್ ಅವೆನ್ಯೂ ಕಡೆ ಇದ್ದರೆ ಸೇತುವೆ ದಾಟಿ ಇನ್ನೂ ಇಪ್ಪತ್ತು ನಿಮಿಷ ನಡೆಯಬೇಕು. ಆ ಸೇತುವೆ ಮೇಲಿನ ಗಾಳಿ ಮುಖಕ್ಕೆ ಹೊಡೆಯುವುದನ್ನು ಊರಲ್ಲಿ ಕೂತು ಊಹಿಸಲಿಕ್ಕೆ ಆಗುವುದಿಲ್ಲ.

ಮೊನ್ನೆ ಬಿಜೈಯ ಹುಡುಗನೊಬ್ಬ ಫೋನಿನಲ್ಲಿ ಒಂದು ಅಪಾರ್ಟ್‌ಮೆಂಟ್ ತೋರಿಸಿದ. ಬಾಡಿಗೆ ಕಡಿಮೆ, ಫೋಟೋ ಚೆಂದ, ವಿಳಾಸ ನೇಪರ್‌ವಿಲ್. ಮ್ಯಾಪ್ ಹಾಕಿ ನೋಡಿದರೆ ಊರಿನ ದಕ್ಷಿಣ ತುದಿ, ಸ್ಟೇಷನ್‌ಗೆ ಎಂಟು ಕಿಲೋಮೀಟರ್ ಮೇಲೆ. "ಬಸ್ ಇರುತ್ತದಲ್ಲ ಅಂಕಲ್" ಅಂದ. ಸುರತ್ಕಲ್‌ನಲ್ಲಿ ನಿಂತರೆ ಸ್ಟೇಟ್ ಬ್ಯಾಂಕಿಗೆ ಒಂದರ ಹಿಂದೆ ಒಂದು ಬಸ್ ನೋಡಿ ಬೆಳೆದವರಿಗೆ ಹಾಗೆ ಅನಿಸುವುದು ಸರಿಯೇ. ಆದರೆ ಉಪನಗರದ ಪೇಸ್ ಬಸ್ಸುಗಳಲ್ಲಿ ಎಷ್ಟೋ ರೂಟ್ ವಾರದ ದಿನಗಳಲ್ಲಿ ಮಾತ್ರ. ಕಾರು ತೆಗೆದುಕೊಂಡರೂ ಸ್ಟೇಷನ್‌ನಲ್ಲಿ ಪಾರ್ಕಿಂಗ್ ಸಿಗಬೇಕಲ್ವಾ? ಕೆಲವು ಊರಲ್ಲಿ ಪರ್ಮಿಟ್‌ಗೆ ಕಾಯುವ ಪಟ್ಟಿಯೇ ಇರುತ್ತದೆ. ಬಾಡಿಗೆ ಮಾತಾಡುವ ಮೊದಲು ಆ ಊರಿನ ಆಡಳಿತ ಕಚೇರಿಗೆ ಫೋನ್ ಮಾಡಿ ಇದನ್ನು ಕೇಳಿ.

ಒಂಟಿಯಾಗಿ ಹೋಗುವವರಿಗೆ ನನ್ನ ಸಲಹೆ ಓಕ್ ಪಾರ್ಕ್ ಅಥವಾ ಎವನ್‌ಸ್ಟನ್. ಎರಡಕ್ಕೂ ಎಲ್ ಉಂಟು, ಮೆಟ್ರಾವೂ ಉಂಟು, ಕಾರಿಲ್ಲದೆ ಬದುಕಬಹುದು. ಎವನ್‌ಸ್ಟನ್‌ನಿಂದ ಪರ್ಪಲ್ ಲೈನ್ ನೇರವಾಗಿ ಲೂಪ್‌ಗೆ ಹೋಗುವುದು ವಾರದ ದಿನಗಳ ರಶ್ ಹೊತ್ತಿನಲ್ಲಿ ಮಾತ್ರ. ಬೇರೆ ಹೊತ್ತಿನಲ್ಲಿ ಹೋವರ್ಡ್‌ನಲ್ಲಿ ಇಳಿದು ರೆಡ್ ಲೈನ್ ಹತ್ತಬೇಕು. ರಾತ್ರಿ ಎಲ್‌ನಲ್ಲಿ ಬರುವಾಗ ಚಾಲಕ ಇರುವ ಮೊದಲ ಡಬ್ಬಿಯಲ್ಲಿ ಕೂತುಕೊಳ್ಳಿ. ಬಾಗಿಲ ಪಕ್ಕ ನಿಂತು ಫೋನ್ ನೋಡಬೇಡಿ, ಬಾಗಿಲು ಮುಚ್ಚುವ ಹೊತ್ತಿಗೆ ಕಿತ್ತುಕೊಂಡು ಓಡುತ್ತಾರೆ.

ಇನ್ನು "ಸೇಫಾ?" ಎಂದು ಬ್ರೋಕರನ್ನು ಕೇಳಿದರೆ ಹೆಚ್ಚಿನವರು ಉತ್ತರ ಕೊಡುವುದಿಲ್ಲ. ಅದನ್ನು ತಪ್ಪು ತಿಳಿಯಬೇಡಿ. 1968ರ ಫೇರ್ ಹೌಸಿಂಗ್ ಕಾನೂನಿನ ಪ್ರಕಾರ ಜನಾಂಗ, ಧರ್ಮ ನೋಡಿ ಜನರನ್ನು ಒಂದು ಕಡೆಗೆ ತಳ್ಳುವ ಹಾಗಿಲ್ಲ. ಒಂದು ಏರಿಯಾ ಸೇಫ್ ಅಂದರೆ ಹಾಗೆ ತಳ್ಳಿದಂತಾದೀತು ಎಂದು ಅವರು ಬಾಯಿ ಬಿಡುವುದಿಲ್ಲ. ನೀವೇ ನೋಡಿಕೊಳ್ಳಬೇಕು. ಚಿಕಾಗೊ ಪೊಲೀಸರ ಮಾಹಿತಿ ಬ್ಲಾಕ್ ಬ್ಲಾಕ್ ಲೆಕ್ಕದಲ್ಲಿ ಆನ್‌ಲೈನ್ ಮ್ಯಾಪ್‌ನಲ್ಲಿ ಸಿಗುತ್ತದೆ. ಮನೆಯ ಸುತ್ತ ಮಾತ್ರ ಅಲ್ಲ, ಸ್ಟೇಷನ್‌ನ ಸುತ್ತಲೂ ನೋಡಿ. ನಗರದ ದಕ್ಷಿಣ ಭಾಗದ ಬಗ್ಗೆ "ಸೌತ್ ಸೈಡ್ ಪೂರ್ತಿ ಕೆಟ್ಟದ್ದು" ಅಂತ ನಮ್ಮವರೇ ಸುಮ್ನೆ ಹೇಳುತ್ತಾರೆ, ಅದನ್ನು ನಂಬಬೇಡಿ. ಚಿಕಾಗೊ ವಿಶ್ವವಿದ್ಯಾಲಯ ಇರುವ ಹೈಡ್ ಪಾರ್ಕ್ ಇರುವುದು ಅಲ್ಲೇ. ಎಷ್ಟೋ ಕುಟುಂಬಗಳು ಅಲ್ಲಿ ನೆಮ್ಮದಿಯಾಗಿವೆ.

ಮಕ್ಕಳಿದ್ದರೆ ಶಾಲೆಯ ವಿಷಯ ಬೇರೆ. ಸರ್ಕಾರಿ ಶಾಲೆ ಯಾವುದು ಸಿಗುತ್ತದೆ ಅನ್ನುವುದು ಮನೆ ಯಾವ ಶಾಲಾ ಜಿಲ್ಲೆಯಲ್ಲಿದೆ ಅನ್ನುವುದರ ಮೇಲೆ. ಊರಿನ ಗಡಿ, ಶಾಲಾ ಜಿಲ್ಲೆಯ ಗಡಿ ಒಂದೇ ಅಲ್ಲ. ಅರೋರಾದ ವಿಳಾಸ ಇದ್ದರೂ ಕೆಲವು ಮನೆ ಇಂಡಿಯನ್ ಪ್ರೇರಿ 204 ಎಂಬ ಶಾಲಾ ಜಿಲ್ಲೆಗೆ ಬರುತ್ತವೆ, ಉಳಿದವು ಬೇರೆ ಜಿಲ್ಲೆಗೆ. ಮನೆ ನಂಬರ್ ಕೊಟ್ಟು ಜಿಲ್ಲೆಯ ಕಚೇರಿಯಲ್ಲೇ ಕೇಳಿ. ಅರೋರಾದ ಬಾಲಾಜಿ ದೇವಸ್ಥಾನ, ಲೆಮಾಂಟ್‌ನ ರಾಮ ದೇವಸ್ಥಾನ ಹತ್ತಿರ ಬೇಕು ಅನ್ನುವವರೂ ಇದ್ದಾರೆ. ಅವು ವಾರಕ್ಕೊಮ್ಮೆ ಹೋಗುವ ಜಾಗ. ಆಫೀಸಿನ ದಾರಿ ದಿನಾ ಎರಡು ಸಲ.

ಸಾಧ್ಯವಾದರೆ ಮೊದಲ ತಿಂಗಳು ತಾತ್ಕಾಲಿಕ ಮನೆಯಲ್ಲಿರಿ. ಇಷ್ಟವಾದ ಮನೆಗೆ ವಾರದ ದಿನ ಆಫೀಸು ಬಿಟ್ಟು ನಿಜವಾಗಿ ಹೋಗುವ ಹೊತ್ತಿಗೇ ಒಮ್ಮೆ ರೈಲಿನಲ್ಲಿ ಹೋಗಿ ನೋಡಿ. ಆಮೇಲೆ ಲೀಸ್. ಅದು ಸಾಮಾನ್ಯವಾಗಿ ಒಂದು ವರ್ಷದ್ದು, ನಡುವೆ ಬಿಡುವುದು ಕಷ್ಟ. ಹೀಟಿಂಗ್ ಖರ್ಚು ಬಾಡಿಗೆಯಲ್ಲೇ ಸೇರಿದೆಯಾ, ಮೆಟ್ಟಿಲಿನ ಹಿಮ ತೆಗೆಸುವುದು ಯಾರು ಅಂತ ಬರೆಸಿಕೊಳ್ಳಿ. ಚಿಕಾಗೊ ನಗರದೊಳಗೆ ಮಾಲೀಕರೇ ಹೀಟ್ ಕೊಡುವ ಬಾಡಿಗೆ ಮನೆಗಳಲ್ಲಿ ಸೆಪ್ಟೆಂಬರ್ 15ರಿಂದ ಜೂನ್ 1ರ ತನಕ ಹಗಲು 68 ಡಿಗ್ರಿ, ರಾತ್ರಿ 66 ಡಿಗ್ರಿ ಫ್ಯಾರನ್‌ಹೀಟ್ (ಸುಮಾರು 20 ಮತ್ತು 19 ಸೆಲ್ಸಿಯಸ್) ಇಡಲೇಬೇಕು ಎಂಬ ನಿಯಮ ಇದೆ. ಮನೆ ತಣ್ಣಗಿದ್ದರೆ ನಗರಾಡಳಿತದ ನಂಬರ್ 311ಕ್ಕೆ ಫೋನ್ ಮಾಡಿ ದೂರು ಕೊಡಬಹುದು. ಉಪನಗರಗಳಲ್ಲಿ ಆಯಾ ಊರಿನ ನಿಯಮ ಬೇರೆ, ಅದನ್ನು ಸಹಿ ಹಾಕುವ ಮೊದಲೇ ಕೇಳಿಕೊಳ್ಳಿ.