ಹೊಸ ಕ್ರೂಸರ್ ಬೈಕಿಗೆ ಆಕ್ಸೆಸರಿ: ಯಾವುದನ್ನು ಮೊದಲು ಕೊಳ್ಳಬೇಕು, ಯಾವುದನ್ನು ಬಿಡಬೇಕು

ಬೈಕು ಬುಕ್ ಮಾಡುವಾಗಲೇ ಶೋರೂಮಿನವರು ಆಕ್ಸೆಸರಿಗಳ ಪಟ್ಟಿಯನ್ನು ಮುಂದಿಡುತ್ತಾರೆ. ಆ ದಿನ ಲೆಗ್ ಗಾರ್ಡ್ ಒಂದನ್ನು ಬಿಟ್ಟು ಬೇರೇನನ್ನೂ ಹಾಕಿಸದಿರುವುದು ಒಳ್ಳೆಯದು. ಮೊದಲ ಸರ್ವಿಸ್ ಮುಗಿದು, ಒಂದೆರಡು ಬಾರಿಯಾದರೂ ಹೆದ್ದಾರಿಯಲ್ಲಿ ದೂರ ಓಡಿಸಿದ ಮೇಲೆ ಯಾವುದು ಅಗತ್ಯ, ಯಾವುದು ಬರೀ ಆಸೆ ಎಂಬುದು ಸವಾರನಿಗೇ ತಿಳಿಯುತ್ತದೆ. ನಮ್ಮ ರಸ್ತೆಗಳಲ್ಲಿ ಹೆಚ್ಚಾಗಿ ಕಾಣುವ ರಾಯಲ್ ಎನ್‌ಫೀಲ್ಡ್ ಮೀಟಿಯರ್ 350 ಬೈಕನ್ನೇ ಇಲ್ಲಿ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. 2020ರ ನವೆಂಬರಿನಲ್ಲಿ ಮಾರುಕಟ್ಟೆಗೆ ಬಂದ ಈ ಬೈಕಿಗೆ 349 ಸಿಸಿ ಎಂಜಿನ್ ಇದೆ. ತೂಕ 191 ಕೆ.ಜಿ., ಸೀಟಿನ ಎತ್ತರ 765 ಮಿ.ಮೀ.

ಲೆಗ್ ಗಾರ್ಡನ್ನು ಮೊದಲೇ ಹಾಕಿಸಬೇಕೆನ್ನುವುದಕ್ಕೆ ಕಾರಣ ಈ ತೂಕವೇ. ಹೊಸ ಬೈಕು ಬೀಳುವುದು ಹೆಚ್ಚಾಗಿ ನಿಂತಲ್ಲೇ: ಪಾರ್ಕಿಂಗಿನ ಇಳಿಜಾರಿನಲ್ಲಿ, ಜಲ್ಲಿ ಹರಡಿದ ಅಂಚಿನಲ್ಲಿ ಅಥವಾ ತಿರುಗಿಸುವಾಗ ಕಾಲು ಜಾರಿದಾಗ. ಗಾರ್ಡ್ ಇದ್ದರೆ ಎಂಜಿನ್ ಮತ್ತು ಟ್ಯಾಂಕ್ ಉಳಿಯುತ್ತವೆ, ಕಾಲು ಅಡಿಗೆ ಸಿಕ್ಕಿಕೊಳ್ಳುವ ಸಾಧ್ಯತೆಯೂ ಕಡಿಮೆ. ಅದು ಫ್ರೇಮಿನ ಬೋಲ್ಟುಗಳಿಗೇ ಕೂರುವಂಥದ್ದಾಗಿರಬೇಕು. ತೆಳು ಪೈಪಿಗೆ ಹೊಳಪು ಬಳಿದದ್ದು ಬೇಡ.

ಕ್ರೂಸರಿನಲ್ಲಿ ಅತಿ ಹೆಚ್ಚು ಹಣ ವ್ಯರ್ಥವಾಗುವುದೂ, ಸರಿಯಾಗಿ ಖರ್ಚು ಮಾಡಿದರೆ ಅತಿ ಹೆಚ್ಚು ಸುಖ ಸಿಗುವುದೂ ಸೀಟಿನಲ್ಲಿ. ಫುಟ್‌ರೆಸ್ಟ್ ಮುಂದಕ್ಕೆ ಇರುವುದರಿಂದ ಹಂಪು ಬಂದಾಗ ಕಾಲಿನ ಮೇಲೆ ಭಾರ ಹಾಕಿ ಸೊಂಟವನ್ನು ಎತ್ತಿಕೊಳ್ಳುವುದು ಸುಲಭವಲ್ಲ. ಪೆಟ್ಟೆಲ್ಲ ನೇರವಾಗಿ ಬೆನ್ನುಮೂಳೆಯ ಬುಡಕ್ಕೆ ಬೀಳುತ್ತದೆ. ಆದರೆ ಸೀಟು ಬದಲಿಸುವ ಮುನ್ನ ಖರ್ಚಿಲ್ಲದ ಒಂದು ಕೆಲಸವಿದೆ. ಹಿಂಬದಿಯ ಎರಡು ಶಾಕ್ ಅಬ್ಸಾರ್ಬರುಗಳ ಸ್ಪ್ರಿಂಗಿನ ಬಿಗುವನ್ನು ಆರು ಹಂತಗಳಲ್ಲಿ ಹೆಚ್ಚು ಕಡಿಮೆ ಮಾಡಬಹುದು. ಎರಡೂ ಬದಿಯನ್ನು ಒಂದೇ ಹಂತದಲ್ಲಿಟ್ಟು, ಒಬ್ಬರೇ ಹೋಗುವಾಗ ಮೆತ್ತಗೆ, ಹಿಂದೆ ಜನ ಮತ್ತು ಸಾಮಾನು ಇದ್ದಾಗ ಬಿಗಿಯಾಗಿ ಹೊಂದಿಸಿ ಕೆಲವು ದಿನ ಓಡಿಸಿ ನೋಡಬೇಕು. ಸೊಂಟ ನೋವೆಂದು ದೂರುವವರಲ್ಲಿ ಅನೇಕರು ಆ ಕಡೆ ಕಣ್ಣನ್ನೇ ಹಾಯಿಸಿರುವುದಿಲ್ಲ. ಆಮೇಲೂ ನೋವು ಉಳಿದರೆ ಟೂರಿಂಗ್ ಸೀಟನ್ನು ಹಾಕಿಸಬಹುದು. ಆದರೆ ಹತ್ತು ನಿಮಿಷ ಅಂಗಡಿಯಲ್ಲಿ ಕೂತು ನೋಡಿ ತೀರ್ಮಾನಿಸಬಾರದು. ಮುಟ್ಟಿದಾಗ ಹತ್ತಿಯಂತೆ ಮೆತ್ತಗಿರುವ ಫೋಮು ಒಂದು ತಾಸಿನೊಳಗೆ ಕುಸಿದು ತಳದ ಗಟ್ಟಿ ತಟ್ಟೆ ತಾಗತೊಡಗುತ್ತದೆ. ಸ್ವಲ್ಪ ಗಟ್ಟಿಯಾದ, ಅಗಲವಾದ ಸೀಟೇ ದೂರದ ದಾರಿಗೆ ಸರಿ.

ಮುಂದಿನದು ಗಾಳಿಯ ವಿಷಯ. ಎದೆ ತೆರೆದು ನೇರವಾಗಿ ಕೂರುವ ಭಂಗಿಯಾದ್ದರಿಂದ ಗಂಟೆಗೆ 80 ಕಿ.ಮೀ. ದಾಟಿದ ಮೇಲೆ ಗಾಳಿಯ ಒತ್ತಡ ಭುಜಕ್ಕೂ ಕುತ್ತಿಗೆಗೂ ತಿಳಿಯುತ್ತದೆ. ಮೀಟಿಯರಿನ ಸೂಪರ್‌ನೋವಾ ಮಾದರಿಗೆ ಕಂಪನಿಯೇ ವಿಂಡ್‌ಸ್ಕ್ರೀನ್ ಕೊಡುತ್ತದೆ. ಕೊಳ್ಳುವ ಮುನ್ನ ನಿಮ್ಮ ಮಾದರಿಯಲ್ಲಿ ಏನೇನು ಬಂದಿದೆ ಎಂದು ನೋಡಿಕೊಳ್ಳಿ. ಗಾಜಿನ ಮೇಲಂಚು ಕಣ್ಣಿನ ಮಟ್ಟಕ್ಕಿಂತ ಕೆಳಗಿರಬೇಕು. ಆಗುಂಬೆ, ಚಾರ್ಮಾಡಿಯ ಮಳೆಯಲ್ಲಿ ಹನಿ ತುಂಬಿದ ಗಾಜಿನ ಮೂಲಕ ರಸ್ತೆ ನೋಡುವುದು ಅಪಾಯಕರ. ಅಂಚಿನ ಮೇಲಿನಿಂದ ನೋಡುವಂತಿರಬೇಕು. ಅದನ್ನು ಕೂರಿಸಿದ ನಂತರ ಹ್ಯಾಂಡಲನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ, ಯಾವ ಕೇಬಲೂ ಎಳೆಯುತ್ತಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

ಹೆಚ್ಚುವರಿ ದೀಪಗಳ ವಿಷಯದಲ್ಲಿ ದೀಪಕ್ಕಿಂತ ವೈರಿಂಗ್ ಮುಖ್ಯ. 55 ವ್ಯಾಟಿನ ಎರಡು ಹ್ಯಾಲೋಜೆನ್ ದೀಪಗಳು 12 ವೋಲ್ಟಿನಲ್ಲಿ ಸುಮಾರು 9 ಆಂಪಿಯರ್ ಎಳೆಯುತ್ತವೆ. 20 ವ್ಯಾಟಿನ ಎರಡು ಎಲ್‌ಇಡಿ ದೀಪಗಳಿಗೆ ಮೂರೂವರೆ ಆಂಪಿಯರ್ ಕೂಡ ಬೇಕಾಗುವುದಿಲ್ಲ. ಹಾಗಾಗಿ ಎಲ್‌ಇಡಿಯೇ ಸರಿ. ಬ್ಯಾಟರಿಯಿಂದ ಫ್ಯೂಸ್ ಮೂಲಕ ಪ್ರತ್ಯೇಕ ತಂತಿ ಎಳೆದು, ನಡುವೆ ರಿಲೇ (ವಿದ್ಯುತ್ತಿನಿಂದಲೇ ಕೆಲಸ ಮಾಡುವ ಸ್ವಿಚ್) ಕೊಟ್ಟು, ಕೀಲಿ ಆಫ್ ಮಾಡಿದೊಡನೆ ದೀಪ ಆರುವಂತೆ ಕಟ್ಟುವ ಮೆಕ್ಯಾನಿಕ್ಕೇ ಬೇಕು. ಕಂಪನಿಯ ವೈರನ್ನು ಬ್ಲೇಡಿನಿಂದ ಸುಲಿದು, ತಂತಿ ಸುತ್ತಿ, ಟೇಪು ಅಂಟಿಸಲು ಹೊರಟವರನ್ನು ಅಲ್ಲಿಯೇ ತಡೆಯಿರಿ. ವೈರ್ ಕತ್ತರಿಸಿದ್ದು ಕಂಡರೆ ವಿದ್ಯುತ್ ಭಾಗಗಳ ವಾರಂಟಿ ನಿರಾಕರಿಸಲು ಕಂಪನಿಗೆ ಅಷ್ಟೇ ಸಾಕು. ದೀಪದ ಮುಖ ನೆಲದತ್ತ ಬಾಗಿರಲಿ. ಎದುರಿನವನ ಕಣ್ಣು ಕುಕ್ಕುವ ದೀಪದಿಂದ ಮೊದಲು ಅಪಾಯವಾಗುವುದು ನಿಮಗೇ.

ಮೊಬೈಲ್ ಹೋಲ್ಡರ್ ಕೊಳ್ಳುವವರು ಕಂಪನ ತಡೆಯುವ ರಬ್ಬರ್ ಡ್ಯಾಂಪರ್ ಇರುವುದನ್ನೇ ಆರಿಸಿಕೊಳ್ಳಬೇಕು. ದೊಡ್ಡ ಎಂಜಿನ್ನಿನ ಬೈಕುಗಳ ಕಂಪನದಿಂದ ಐಫೋನಿನ ಕ್ಯಾಮೆರಾ ಕೆಡಬಹುದೆಂದು ಆ್ಯಪಲ್ ಕಂಪನಿಯೇ 2021ರಲ್ಲಿ ಎಚ್ಚರಿಸಿತ್ತು.

ಸೀಟಿನ ಎರಡೂ ಬದಿಗೆ ತೂಗುವ ಸ್ಯಾಡಲ್ ಬ್ಯಾಗುಗಳಿಗೆ ಸ್ಟೇ, ಅಂದರೆ ಬ್ಯಾಗನ್ನು ದೂರ ಹಿಡಿಯುವ ಲೋಹದ ಚೌಕಟ್ಟು, ಕಡ್ಡಾಯ. ಇಲ್ಲದಿದ್ದರೆ ಬ್ಯಾಗು ಒಂದು ಕಡೆ ಚಕ್ರಕ್ಕೆ ತಗಲುತ್ತದೆ, ಬಲಗಡೆ ಸೈಲೆನ್ಸರಿನ ಮೇಲೆ ಕೂತು ಕರಗುತ್ತದೆ. ಭಾರವಾದದ್ದು ಕೆಳಗೆ, ಎರಡೂ ಬದಿಗೆ ಸಮವಾಗಿರಲಿ. ಹಿಂಬದಿ ಚಕ್ರದ ಅಚ್ಚಿಗಿಂತ ಹಿಂದೆ ಟಾಪ್ ಬಾಕ್ಸಿನಲ್ಲಿ ಭಾರ ತುಂಬಿದರೆ ಮುಂದಿನ ಚಕ್ರ ಹಗುರಾಗಿ ಹ್ಯಾಂಡಲ್ ನಡುಗತೊಡಗುತ್ತದೆ. ಸ್ಟೇ ಹಾಕಲು ಸೀರೆ ಗಾರ್ಡ್ ಅಡ್ಡಿ ಎಂದು ಅದನ್ನು ಬಿಚ್ಚಿಸುವವರಿದ್ದಾರೆ. ಮನೆಯ ಹೆಂಗಸರು ಹಿಂದೆ ಕೂರುವ ಬೈಕಾದರೆ ಬ್ಯಾಗನ್ನೇ ಬಿಡಿ, ಗಾರ್ಡನ್ನು ಬಿಡಬೇಡಿ. ಅಲಾಯ್ ಚಕ್ರದ ಮಾದರಿಗಳಲ್ಲಿ ಟೈರು ಟ್ಯೂಬ್‌ಲೆಸ್ ಆದ್ದರಿಂದ ಸೀಟಿನ ಕೆಳಗೋ ಬ್ಯಾಗಿನಲ್ಲೋ ಪಂಕ್ಚರ್ ಕಿಟ್ ಮತ್ತು ಸಣ್ಣ ಪಂಪು ಸದಾ ಇರಲಿ.

ಸೈಲೆನ್ಸರ್ ಬದಲಿಸುವುದನ್ನು ಮಾತ್ರ ನಾನು ಯಾರಿಗೂ ಹೇಳುವುದಿಲ್ಲ. ಬೈಕಿನ ಮೂಲ ಸ್ವರೂಪವನ್ನು ಅನುಮತಿಯಿಲ್ಲದೆ ಬದಲಿಸಿದರೆ ಮೋಟಾರು ವಾಹನ ಕಾಯ್ದೆಯ 182ಎ ಕಲಮಿನಂತೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ ವಿಧಿಸಬಹುದು. ಶಬ್ದ ಮಾಲಿನ್ಯಕ್ಕೆ ದಂಡ ಬೇರೆ. ಬೆಂಗಳೂರಿನ ಸಂಚಾರ ಪೊಲೀಸರು ಇಂಥ ಸೈಲೆನ್ಸರುಗಳನ್ನು ಬಿಚ್ಚಿಸಿ ರೋಡ್ ರೋಲರ್ ಹತ್ತಿಸಿದ್ದೂ ಉಂಟು. ಸದ್ದು ಹೆಚ್ಚಿತೆಂದು 20 ಬಿಎಚ್‌ಪಿಯ ಎಂಜಿನ್ನಿಗೆ ಹೊಸ ಬಲವೇನೂ ಬರುವುದಿಲ್ಲ.

ಕ್ರೋಮ್ ಕ್ಯಾಪು, ಸ್ಟಿಕ್ಕರು, ಕನ್ನಡಿಯ ಅಲಂಕಾರಗಳನ್ನು ಬೆಂಗಳೂರಿನ ಜೆ.ಸಿ. ರಸ್ತೆಯಂಥ ಮಾರುಕಟ್ಟೆಯಲ್ಲಿ ಚೌಕಾಸಿ ಮಾಡಿ ಕೊಂಡರೆ ನಷ್ಟವಿಲ್ಲ. ಭಾರ ಹೊರುವ ಮತ್ತು ವಿದ್ಯುತ್ತಿಗೆ ಸಂಬಂಧಿಸಿದ ವಸ್ತುಗಳನ್ನು ಬಿಲ್ಲು ಕೊಡುವ ಅಂಗಡಿಯಲ್ಲೇ ಕೊಳ್ಳಬೇಕು. ವಿಮೆ ನವೀಕರಿಸುವಾಗ ಆ ಬಿಲ್ಲುಗಳನ್ನು ತೋರಿಸಿ, ಹಾಕಿಸಿದ ಆಕ್ಸೆಸರಿಗಳ ಬೆಲೆಯನ್ನು ಪಾಲಿಸಿಯಲ್ಲಿ ನಮೂದಿಸಿಕೊಳ್ಳದಿದ್ದರೆ ಅಪಘಾತವಾದಾಗ ಅವುಗಳಿಗೆ ಪರಿಹಾರ ಸಿಗುವುದು ಕಷ್ಟ. ಬಿಚ್ಚಿಟ್ಟ ಮೂಲ ಸೀಟು, ಬೋಲ್ಟುಗಳನ್ನು ಮನೆಯಲ್ಲಿ ಒಂದು ಡಬ್ಬಿ ಕಟ್ಟಿ ಇಡಿ, ಮುಂದೆ ಬೈಕು ಮಾರುವಾಗ ಕೊಳ್ಳುವವರು ಕೇಳುವುದು ಅವನ್ನೇ.