ಗೌಟ್: ಬೂತಾಯಿ ಬಿಟ್ಟರೆ ಸಾಲದು, ಮಾತ್ರೆ ಬಿಡಬಾರದು

‘ಬೂತಾಯಿ ಮೀನು ಬಿಟ್ಟಾಯಿತು, ಸಿಗಡಿ ಬಿಟ್ಟಾಯಿತು, ತೊಗರಿಬೇಳೆ ಸಾರೂ ಬಿಟ್ಟಾಯಿತು. ಆದರೂ ಕಾಲು ಊದುತ್ತದೆ’ ಎಂದು ಅಲವತ್ತುಕೊಳ್ಳುವವರು ಮಂಗಳೂರು, ಉಡುಪಿ ಕಡೆ ಮನೆಗೊಬ್ಬರಲ್ಲದಿದ್ದರೂ ಕೇರಿಗೊಬ್ಬರಾದರೂ ಸಿಗುತ್ತಾರೆ. ಅಂಥವರ ಔಷಧದ ಡಬ್ಬಿ ತೆರೆದು ನೋಡಿ. ಯೂರಿಕ್ ಆಸಿಡ್ ಇಳಿಸುವ ಅಲೊಪ್ಯುರಿನಾಲ್‌ನ, ನಾಲ್ಕೈದು ಮಾತ್ರೆ ಉಳಿದಿರುವ ಪಟ್ಟಿಯೊಂದು ಮೂಲೆಯಲ್ಲಿ ಬಿದ್ದಿರುತ್ತದೆ. ನೋವು ಇಳಿದ ಕೂಡಲೇ ನಿಲ್ಲಿಸಿದ್ದು ಅದು. ಗೌಟ್ ಎಂದರೆ ರಕ್ತದಲ್ಲಿ ಯೂರಿಕ್ ಆಸಿಡ್ ಹೆಚ್ಚಾಗಿ, ಕೀಲುಗಳಲ್ಲಿ ಹರಳುಗಟ್ಟಿ ನೋವು, ಊತ ತರುವ ಕಾಯಿಲೆ. ಊಟದಲ್ಲಿ ಎಷ್ಟೇ ಕಟ್ಟುನಿಟ್ಟು ಮಾಡಿದರೂ ರಕ್ತದ ಯೂರಿಕ್ ಆಸಿಡ್ ಸಾಮಾನ್ಯವಾಗಿ ಇಳಿಯುವುದು ಪ್ರತಿ ಡೆಸಿಲೀಟರಿಗೆ ಒಂದು ಮಿಲಿಗ್ರಾಂ ಆಸುಪಾಸು ಮಾತ್ರ. 9ರಲ್ಲಿದ್ದವರು 8ಕ್ಕೆ ಬರಬಹುದು. ಆದರೆ ಬರಬೇಕಾದ್ದು 6ಕ್ಕಿಂತ ಕೆಳಗೆ. ಹಾಗಾಗಿ ಈ ಲೇಖನದಲ್ಲಿ ಮಾತ್ರೆಗೆ ಮೊದಲ ಮಣೆ, ಮೀನಿಗೆ ಆಮೇಲಿನದು.

ನೋವು ಬಂದ ರಾತ್ರಿ

ಗೌಟ್ ಹೆಚ್ಚಾಗಿ ಕೆರಳುವುದು ನಡುರಾತ್ರಿ ಅಥವಾ ಬೆಳಗಿನ ಜಾವ. ಮಲಗುವಾಗ ನೆಟ್ಟಗಿದ್ದ ಕಾಲಿನ ಹೆಬ್ಬೆರಳ ಬುಡ ಎಚ್ಚರವಾಗುವ ಹೊತ್ತಿಗೆ ಕೆಂಪಗೆ ಊದಿ, ಚರ್ಮ ಬಿಗಿದು ಹೊಳೆಯುತ್ತಿರುತ್ತದೆ. ಬೆಡ್‌ಶೀಟಿನ ಅಂಚು ತಾಗಿದರೂ ಪ್ರಾಣ ಹೋದಂತಾಗುತ್ತದೆ. ಮೊದಲ 12ರಿಂದ 24 ಗಂಟೆಗಳಲ್ಲಿ ನೋವು ತಾರಕಕ್ಕೇರಿ, ಏನೂ ಮಾಡದಿದ್ದರೂ ಒಂದೆರಡು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಈ ತಾನಾಗಿ ಇಳಿಯುವ ಗುಣವೇ ಎಲ್ಲ ಎಡವಟ್ಟುಗಳ ಮೂಲ. ಆ ವಾರ ಕುಡಿದ ಕಷಾಯಕ್ಕೋ, ಕಟ್ಟಿದ ಸೊಪ್ಪಿಗೋ, ಹೇಳಿಕೊಂಡ ಹರಕೆಗೋ ಕೀರ್ತಿ ಸಲ್ಲುತ್ತದೆ, ರೋಗ ಮಾತ್ರ ಒಳಗೇ ಉಳಿಯುತ್ತದೆ.

ಕಾಲನ್ನು ದಿಂಬಿನ ಮೇಲೆ ಎತ್ತರಿಸಿ ಇಡಿ. ಹೊದಿಕೆ ತಾಗದಂತೆ ಪಾದದ ಬಳಿ ಸಣ್ಣ ಸ್ಟೂಲ್ ಇಟ್ಟು ಅದರ ಮೇಲಿಂದ ಹೊದಿಕೆ ಹಾಕಿಕೊಳ್ಳಬಹುದು. ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ 20 ನಿಮಿಷ ಇಡಿ, ಬಿಡುವು ಕೊಟ್ಟು ಮತ್ತೆ ಇಡಿ. ಎಣ್ಣೆ ಹಚ್ಚಿ ನೀವುವುದು, ಬಿಸಿನೀರಿನ ಶಾಖ ಕೊಡುವುದು ಬೇಡವೇ ಬೇಡ.

ನೋವು ಇಳಿಸಲು ವೈದ್ಯರ ಬಳಿ ಮೂರು ಬಗೆಯ ಔಷಧಗಳಿವೆ: ಕಾಲ್ಚಿಸಿನ್, ನಾಪ್ರೊಕ್ಸೆನ್‌ನಂಥ ನೋವುನಿವಾರಕಗಳು ಮತ್ತು ಕೆಲವು ದಿನಗಳ ಮಟ್ಟಿಗೆ ಸ್ಟೀರಾಯ್ಡ್. ಯಾವುದು ಯಾರಿಗೆ ಎಂಬುದು ಮೂತ್ರಪಿಂಡ, ಹೊಟ್ಟೆಯ ಹುಣ್ಣು, ಸಕ್ಕರೆ ಕಾಯಿಲೆ, ಹೃದಯದ ಸ್ಥಿತಿ ನೋಡಿ ತೀರ್ಮಾನವಾಗುತ್ತದೆ. ಮೂತ್ರಪಿಂಡ ದುರ್ಬಲವಾಗಿರುವವರು ಮೆಡಿಕಲ್ ಶಾಪಿನಿಂದ ತಾವೇ ನೋವಿನ ಮಾತ್ರೆ ತಂದು ನುಂಗಿದರೆ ಕಾಲಿನ ಸಮಸ್ಯೆ ಡಯಾಲಿಸಿಸ್ ವಾರ್ಡಿಗೆ ಹೋಗಿ ಮುಟ್ಟಬಹುದು. ಔಷಧ ಬೇಗ ಶುರುವಾದಷ್ಟೂ ನೋವು ಬೇಗ ಮಣಿಯುತ್ತದೆ. ಹಿಂದೆ ಒಮ್ಮೆ ನೋವು ಬಂದವರು ಮುಂದಿನ ಸಲಕ್ಕೆ ಏನನ್ನು, ಎಷ್ಟು ತೆಗೆದುಕೊಳ್ಳಬೇಕು ಎಂದು ವೈದ್ಯರಿಂದ ಮೊದಲೇ ಬರೆಸಿಕೊಂಡು ಮಾತ್ರೆಯನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು.

ಕಾಲ್ಚಿಸಿನ್ ವಿಷಯದಲ್ಲಿ ಒಂದು ಎಚ್ಚರಿಕೆ. ಬೇಧಿಯಾಗುವವರೆಗೆ ಗಂಟೆಗೊಂದು ಮಾತ್ರೆ ನುಂಗುವ ಪದ್ಧತಿ ಹಿಂದೆ ಇತ್ತು. ಈಗ ಅದನ್ನು ಕೈಬಿಟ್ಟಿದ್ದಾರೆ, ಕಡಿಮೆ ಪ್ರಮಾಣವೂ ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ. ಮಳೆಗಾಲದಲ್ಲಿ ನಮ್ಮ ಬೇಲಿಗಳಲ್ಲಿ ಕೆಂಪು ಹಳದಿ ಎಸಳು ಮೇಲಕ್ಕೆತ್ತಿ ಅರಳುವ ಅಗ್ನಿಶಿಖೆಯ ಗಡ್ಡೆಯಲ್ಲಿ ಇದೇ ಕಾಲ್ಚಿಸಿನ್ ಇದೆ. ‘ಹಾಗಾದರೆ ಅದನ್ನೇ ತೇಯ್ದು ಕುಡಿದರಾಯಿತು’ ಎಂದು ಯಾರಾದರೂ ಸಲಹೆ ಕೊಟ್ಟರೆ ಅವರನ್ನು ಗೇಟಿನ ಹೊರಗೇ ನಿಲ್ಲಿಸಿ. ಗಡ್ಡೆಯಲ್ಲಿ ಎಷ್ಟು ವಿಷವಿದೆ ಎಂದು ತೂಗಿ ಹೇಳುವವರಿಲ್ಲ; ತಿಂದವರು ಸತ್ತದ್ದಿದೆ.

ಕೀಲು ಊತದ ಜೊತೆಗೆ ಚಳಿಜ್ವರ ಬಂದರೆ ಅದನ್ನು ಗೌಟ್ ಎಂದುಕೊಂಡು ಮನೆಯಲ್ಲಿ ಕೂರಬಾರದು. ಕೀಲಿನೊಳಗೆ ಸೋಂಕು ತಗುಲಿದಾಗಲೂ ಲಕ್ಷಣ ಹೀಗೇ ಇರುತ್ತದೆ, ಮತ್ತು ಅದು ಕೀಲನ್ನು ದಿನಗಳಲ್ಲಿ ಹಾಳುಮಾಡುತ್ತದೆ. ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯಾದರೂ ಸರಿ, ಮಣಿಪಾಲದ ಆಸ್ಪತ್ರೆಯಾದರೂ ಸರಿ, ಅದೇ ದಿನ ಹೋಗಬೇಕು.

ವರದಿ ಓದುವುದು

ಪ್ಯೂರಿನ್ ಎಂಬ ಅಂಶ ನಮ್ಮದೇ ಜೀವಕೋಶಗಳಲ್ಲಿಯೂ ಊಟದಲ್ಲಿಯೂ ಇರುತ್ತದೆ. ಅದು ಒಡೆದಾಗ ಯೂರಿಕ್ ಆಸಿಡ್ ಆಗುತ್ತದೆ. ಅದರ ಸುಮಾರು ಮೂರನೇ ಎರಡು ಪಾಲನ್ನು ಮೂತ್ರಪಿಂಡ ಹೊರಹಾಕುತ್ತದೆ, ಉಳಿದದ್ದನ್ನು ಕರುಳು. ಗೌಟ್ ಇರುವ ಬಹುಪಾಲು ಜನರಲ್ಲಿ ತೊಂದರೆ ಇರುವುದು ಈ ಹೊರಹಾಕುವ ಕೆಲಸದಲ್ಲಿ, ಅದೂ ಹೆಚ್ಚಾಗಿ ಹುಟ್ಟಿನಿಂದ ಬಂದ ಗುಣ. ರಕ್ತದಲ್ಲಿ ಪ್ರತಿ ಡೆಸಿಲೀಟರಿಗೆ 6.8 ಮಿಲಿಗ್ರಾಂ ದಾಟಿದರೆ ಅದು ಕರಗಿ ನಿಲ್ಲಲಾರದೆ, ಆರಿದ ಷರಬತ್ತಿನ ತಳದಲ್ಲಿ ಸಕ್ಕರೆ ಕೂತ ಹಾಗೆ, ಕೀಲುಗಳಲ್ಲಿ ಹರಳುಗಟ್ಟತೊಡಗುತ್ತದೆ. ಮೈಯಲ್ಲಿ ತಣ್ಣಗಿರುವ ಜಾಗ ಪಾದದ ತುದಿ. ಹೆಬ್ಬೆರಳಿಗೆ ಮೊದಲ ಪೆಟ್ಟು ಬೀಳುವುದಕ್ಕೆ ಅದೂ ಒಂದು ಕಾರಣ.

ನೋವು ಜೋರಾಗಿರುವ ದಿನ ರಕ್ತ ಕೊಟ್ಟರೆ ಯೂರಿಕ್ ಆಸಿಡ್ ಸರಿಯಾಗಿಯೇ ಕಾಣಿಸಬಹುದು. ‘ರಿಪೋರ್ಟ್ ನಾರ್ಮಲ್, ಇದು ಗೌಟ್ ಅಲ್ಲ’ ಎಂಬ ತೀರ್ಮಾನ ಆಗ ಬೇಡ; ನೋವು ಪೂರ್ತಿ ಇಳಿದು ಎರಡು ವಾರ ಕಳೆದ ಮೇಲೆ ಮತ್ತೊಮ್ಮೆ ನೋಡಬೇಕು. ಅನುಮಾನ ಉಳಿದರೆ ಕೀಲಿನ ದ್ರವ ತೆಗೆದು ಸೂಕ್ಷ್ಮದರ್ಶಕದಲ್ಲಿ ಸೂಜಿಯಾಕಾರದ ಹರಳುಗಳಿವೆಯೇ ಎಂದು ಪರೀಕ್ಷಿಸುತ್ತಾರೆ. ಜೊತೆಗೆ ಮೂತ್ರಪಿಂಡದ ಸ್ಥಿತಿ ತೋರುವ ಕ್ರಿಯಾಟಿನಿನ್, ಸಕ್ಕರೆ, ಕೊಲೆಸ್ಟರಾಲ್, ಬಿಪಿ ನೋಡಿಸಿ.

ಇದಕ್ಕೆ ತದ್ವಿರುದ್ಧವಾದ ಗಾಬರಿಯೂ ಇದೆ. ಹೆಲ್ತ್ ಚೆಕಪ್ ಪ್ಯಾಕೇಜಿನ ಕಾಗದದಲ್ಲಿ ಯೂರಿಕ್ ಆಸಿಡ್ 7.4 ಎಂದು ದಪ್ಪಕ್ಷರದಲ್ಲಿ ಬಂದದ್ದೇ ತಡ, ಮನೆಯವರೆಲ್ಲ ಬೇಳೆ ಬಿಡುತ್ತಾರೆ. ಕೀಲು ಒಮ್ಮೆಯೂ ಊದದವರಿಗೆ, ಮೂತ್ರಪಿಂಡದ ಕಲ್ಲಿನಂಥ ತೊಂದರೆ ಇಲ್ಲದವರಿಗೆ, ಬರೀ ಆ ಸಂಖ್ಯೆಗಾಗಿ ಸಾಮಾನ್ಯವಾಗಿ ಮಾತ್ರೆ ಬೇಕಾಗುವುದಿಲ್ಲ. ಹಿಮ್ಮಡಿ ನೋವು, ಬೆನ್ನು ನೋವುಗಳನ್ನೆಲ್ಲ ಯೂರಿಕ್ ಆಸಿಡ್ ತಲೆಗೆ ಕಟ್ಟುವುದೂ ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ.

ದಿನದ ಮಾತ್ರೆ

ವರ್ಷಕ್ಕೆ ಎರಡು ಅಥವಾ ಹೆಚ್ಚು ಸಲ ನೋವು ಬರುವವರಿಗೆ, ಕಿವಿಯ ಅಂಚಿನಲ್ಲೋ ಮೊಣಕೈಯಲ್ಲೋ ಬೆರಳಿನಲ್ಲೋ ಸುಣ್ಣದಂಥ ಗಂಟು ಕಟ್ಟಿದವರಿಗೆ, ಎಕ್ಸ್‌ರೇಯಲ್ಲಿ ಮೂಳೆ ಸವೆದದ್ದು ಕಂಡವರಿಗೆ ಯೂರಿಕ್ ಆಸಿಡ್ ಇಳಿಸುವ ಮಾತ್ರೆ ಬೇಕು. ಇದು ನೋವಿನ ಮಾತ್ರೆಯಲ್ಲ. ನುಂಗಿದ ದಿನ ಏನೂ ಗೊತ್ತಾಗುವುದಿಲ್ಲ. ಅದೇ ಇದರ ದುರದೃಷ್ಟ.

ಮೊದಲ ಆಯ್ಕೆ ಅಲೊಪ್ಯುರಿನಾಲ್. ಗರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್ ಅವರ ಪ್ರಯೋಗಾಲಯದಿಂದ ಬಂದದ್ದು. 1988ರಲ್ಲಿ ಅವರಿಬ್ಬರೂ ನೊಬೆಲ್ ಹಂಚಿಕೊಂಡರು. 1960ರ ದಶಕದಿಂದ ಬಳಕೆಯಲ್ಲಿದೆ, ಅಗ್ಗವೂ ಹೌದು. ದಿನಕ್ಕೆ 100 ಮಿಲಿಗ್ರಾಂ, ಮೂತ್ರಪಿಂಡ ದುರ್ಬಲವಾಗಿದ್ದರೆ ಅದಕ್ಕೂ ಕಡಿಮೆ ಪ್ರಮಾಣದಿಂದ ಶುರುಮಾಡಿ, ಕೆಲವು ವಾರಗಳಿಗೊಮ್ಮೆ ರಕ್ತ ನೋಡಿ ಸ್ವಲ್ಪಸ್ವಲ್ಪವೇ ಏರಿಸುತ್ತಾರೆ. ಗುರಿ 6ಕ್ಕಿಂತ ಕೆಳಗೆ. ಗಂಟು ಕಟ್ಟಿದ್ದರೆ 5ಕ್ಕಿಂತ ಕೆಳಗೆ. ಕೆಲವರಿಗೆ 300 ಸಾಕು, ಕೆಲವರಿಗೆ 400ಕ್ಕೂ ಮೇಲೆ ಬೇಕಾಗುತ್ತದೆ. 100 ಮಿಲಿಗ್ರಾಂ ಬರೆಸಿಕೊಂಡು ವರ್ಷಗಟ್ಟಲೆ ಅದನ್ನೇ ನುಂಗುತ್ತಾ, ಒಮ್ಮೆಯೂ ರಕ್ತ ನೋಡಿಸದೆ, ‘ಈ ಮಾತ್ರೆ ನನಗೆ ಆಗಿಬರುವುದಿಲ್ಲ’ ಎನ್ನುವವರು ಬಹಳ ಜನ. ಆಗಿಬರದಿದ್ದುದು ಮಾತ್ರೆಯಲ್ಲ, ಪ್ರಮಾಣ. ವೈದ್ಯರನ್ನು ಕಂಡಾಗ ‘ನೋವು ಇದೆಯೇ’ ಎಂಬ ಪ್ರಶ್ನೆಗೆ ಉತ್ತರ ಕೊಟ್ಟು ಎದ್ದುಬರಬೇಡಿ. ‘ನನ್ನ ಸಂಖ್ಯೆ ಎಷ್ಟು, 6ಕ್ಕೆ ಇಳಿದಿದೆಯೇ’ ಎಂದು ನೀವೇ ಕೇಳಿ.

ಜನ ಎಡವುವುದು ಮೊದಲ ತಿಂಗಳುಗಳಲ್ಲಿ. ಯೂರಿಕ್ ಆಸಿಡ್ ಇಳಿಯತೊಡಗಿದಾಗ ಹಳೆಯ ಹರಳುಗಳು ಅಲುಗಾಡುತ್ತವೆ, ಕರಗುವಾಗ ಮತ್ತೆ ನೋವು ಕೆರಳುತ್ತದೆ. ‘ಮಾತ್ರೆ ಶುರುಮಾಡಿದ ಮೇಲೆಯೇ ಜಾಸ್ತಿಯಾಯಿತು’ ಎಂದು ಕಸದ ಬುಟ್ಟಿಗೆ ಹಾಕುತ್ತಾರೆ. ನಿಜವಾಗಿ ಅದು ಕೆಲಸ ಮಾಡುತ್ತಿರುವ ಗುರುತು. ಇದಕ್ಕಾಗಿಯೇ ಮೊದಲ ಮೂರರಿಂದ ಆರು ತಿಂಗಳು ಜೊತೆಗೆ ಕಾಲ್ಚಿಸಿನ್ ಅನ್ನು ಕಡಿಮೆ ಪ್ರಮಾಣದಲ್ಲಿ ಕೊಡುತ್ತಾರೆ. ನಡುವೆ ನೋವು ಬಂದರೂ ಅಲೊಪ್ಯುರಿನಾಲ್ ನಿಲ್ಲಿಸುವಂತಿಲ್ಲ. ನೋವಿಗೆ ಬೇರೆ ಔಷಧ, ಇದರ ಪಾಡಿಗೆ ಇದು.

ನಿಲ್ಲಿಸಲೇಬೇಕಾದ ಸಂದರ್ಭ ಒಂದಿದೆ: ಮೈಮೇಲೆ ದದ್ದು, ಜ್ವರ, ಬಾಯಿಯಲ್ಲಿ ಹುಣ್ಣು. ಇದು ಅಪರೂಪ, ಬಂದರೆ ಹೆಚ್ಚಾಗಿ ಮೊದಲ ಕೆಲವು ವಾರ, ತಿಂಗಳುಗಳಲ್ಲಿ. ಆದರೆ ಪ್ರಾಣಕ್ಕೆ ಅಪಾಯ ತರಬಲ್ಲದು. ಮಾತ್ರೆ ನಿಲ್ಲಿಸಿ ತಕ್ಷಣ ಆಸ್ಪತ್ರೆಗೆ ಹೋಗಿ, ಆಮೇಲೆ ಎಂದೂ ಆ ಮಾತ್ರೆ ಮುಟ್ಟಬೇಡಿ. ಅಂಥವರಿಗೆ ಫೆಬುಕ್ಸೊಸ್ಟಾಟ್ ಇದೆ. ಹೃದ್ರೋಗ ಇರುವವರು ಅದನ್ನು ಶುರುಮಾಡುವ ಮುನ್ನ ವೈದ್ಯರಿಗೆ ಹೇಳಬೇಕು.

ಬೇರೆ ಕಾಯಿಲೆಗಳ ಚೀಟಿಯನ್ನೂ ಒಯ್ಯಿರಿ. ಬಿಪಿಗೆ ಕೊಡುವ ಹೈಡ್ರೊಕ್ಲೋರೊಥಯಾಜೈಡ್‌ನಂಥ ಮೂತ್ರವರ್ಧಕಗಳು ಯೂರಿಕ್ ಆಸಿಡ್ ಏರಿಸುತ್ತವೆ, ಲೊಸಾರ್ಟನ್ ಸ್ವಲ್ಪ ಇಳಿಸುತ್ತದೆ. ಬದಲಾಯಿಸಲು ಸಾಧ್ಯವೇ ಎಂದು ಕೇಳಬಹುದು, ತಾವಾಗಿ ಬಿಡುವಂತಿಲ್ಲ. ಹೃದಯಕ್ಕೆಂದು ಕೊಟ್ಟ ಆಸ್ಪಿರಿನ್ ಮುಂದುವರಿಯಲಿ. ರೋಗನಿರೋಧಕ ಶಕ್ತಿ ತಗ್ಗಿಸುವ ಅಜಥಯೊಪ್ರಿನ್ ಜೊತೆ ಅಲೊಪ್ಯುರಿನಾಲ್, ಕ್ಲಾರಿಥ್ರೊಮೈಸಿನ್ ಎಂಬ ಆಂಟಿಬಯಾಟಿಕ್ ಜೊತೆ ಕಾಲ್ಚಿಸಿನ್ ಅಪಾಯಕಾರಿ ಜೋಡಿಗಳು.

ಈಗ ಮೀನಿನ ವಿಷಯ

ಕರಾವಳಿಯಲ್ಲಿ ‘ಮೀನು ಬಿಡಿ’ ಎನ್ನುವುದು ಸುಲಭ, ಬಿಡುವವರು ಯಾರು? ಎಲ್ಲ ಮೀನನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಕಾಗಿಯೂ ಇಲ್ಲ. ಬೂತಾಯಿ, ಕೊಳ್ಳತರುವಿನಂಥ ಸಣ್ಣ ಮೀನುಗಳಲ್ಲಿ ಪ್ಯೂರಿನ್ ಹೆಚ್ಚು. ಮರುವಾಯಿ (ಚಿಪ್ಪುಮೀನು), ಸಿಗಡಿಯ ವಿಷಯದಲ್ಲೂ ಕೈ ಬಿಗಿಹಿಡಿಯಬೇಕು. ಅಂಜಲ್‌ನಂಥವು ಮಧ್ಯಮ. ವಾರಕ್ಕೆ ಎರಡು ದಿನ, ಒಂದೇ ಹೊತ್ತು, ಒಂದು ತುಂಡು ಎಂದು ಲೆಕ್ಕ ಇಟ್ಟುಕೊಂಡರೆ ಮಾತ್ರೆಯಲ್ಲಿ ಹಿಡಿತಕ್ಕೆ ಬಂದವರಿಗೆ ಸಾಮಾನ್ಯವಾಗಿ ಅಷ್ಟರಿಂದ ಕಾಲು ಊದುವುದಿಲ್ಲ. ಕೆಡಿಸುವುದು ದಿನಾ ಎರಡು ಹೊತ್ತು ಬೂತಾಯಿ ಪುಳಿಮುಂಚಿ. ಬಸಳೆ ತಿನ್ನಿ, ಅದರೊಳಗಿನ ಮರುವಾಯಿಯನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ.

ಪ್ಯೂರಿನ್ ನೀರಿನಲ್ಲಿ ಕರಗುತ್ತದೆ; ಬೇಯುವಾಗ ಒಂದಷ್ಟು ಪಾಲು ಗಸಿಗೆ ಇಳಿಯುತ್ತದೆ. ತುಂಡು ಬಿಟ್ಟು ಗಸಿ ಮಾತ್ರ ಸುರಿದುಕೊಂಡು ‘ನಾನು ಕೋಳಿ ತಿನ್ನಲಿಲ್ಲ’ ಎಂದು ರೊಟ್ಟಿ ನೆನೆಸುವವರಿಗೆ ಇದು ಬೇಸರದ ಸುದ್ದಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ರಜೆ, ಆಗ ಮನೆಮನೆಯಲ್ಲಿ ಒಣಮೀನಿನ ಚಟ್ನಿ. ನೀರು ಹೋಗಿ ಒಣಗಿದ ಮೀನಿನಲ್ಲಿ ಅಷ್ಟೇ ತೂಕಕ್ಕೆ ಪ್ಯೂರಿನ್ ಹೆಚ್ಚು, ಉಪ್ಪಂತೂ ಕೇಳುವುದೇ ಬೇಡ. ಸೋರ್ಪೊಟೆಲ್ ಎಂಬ ಹಂದಿಮಾಂಸದ ಅಡುಗೆಯಲ್ಲಿ ಲಿವರ್ ಇರುತ್ತದೆ; ಲಿವರ್, ಕಿಡ್ನಿಯಂಥ ಒಳಾಂಗಗಳು ಯಾವ ಪ್ರಾಣಿಯದ್ದಾದರೂ ಬೇಡ.

ಇನ್ನು ಬೇಳೆ. 2004ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು 47 ಸಾವಿರಕ್ಕೂ ಹೆಚ್ಚು ಗಂಡಸರ ಊಟವನ್ನು 12 ವರ್ಷ ಗಮನಿಸಿತು. ಮಾಂಸ, ಮೀನು ಹೆಚ್ಚು ತಿಂದವರಲ್ಲಿ ಗೌಟ್ ಹೆಚ್ಚು; ಪ್ಯೂರಿನ್ ಇರುವ ಬೇಳೆಕಾಳು, ತರಕಾರಿಗಳಿಂದ ಹೆಚ್ಚಲಿಲ್ಲ; ಕೊಬ್ಬು ಕಡಿಮೆಯಿರುವ ಹಾಲಿನ ಪದಾರ್ಥ ಬಳಸಿದವರಲ್ಲಿ ಕಡಿಮೆ. ಆದ್ದರಿಂದ ತೊಗರಿಬೇಳೆ ಸಾರು, ಹರಿವೆ, ಅಣಬೆಗಳ ಮೇಲಿನ ನಿಷೇಧ ತೆಗೆಯಿರಿ. ಮಟ್ಟುಗುಳ್ಳ ಬದನೆಯ ಕೊದ್ದೆಲು (ಹುಳಿ) ಏನು ಪಾಪ ಮಾಡಿತ್ತು ಎಂದು ಅದನ್ನು ದೂರವಿಟ್ಟರೋ ತಿಳಿಯದು. ಮಜ್ಜಿಗೆ, ಕುಚ್ಚಲಕ್ಕಿ ಗಂಜಿ, ತಿಮರೆ ಚಟ್ನಿ ಎಲ್ಲವೂ ಆಗುತ್ತದೆ. ಕಾಫಿಯೂ ಆಗುತ್ತದೆ, ಸಕ್ಕರೆ ಕಡಿಮೆ ಇರಲಿ.

ಸಕ್ಕರೆಯನ್ನು ಯಾರೂ ಅನುಮಾನಿಸುವುದೇ ಇಲ್ಲ. ಅದರಲ್ಲಿರುವ ಫ್ರಕ್ಟೋಸ್ ಯಕೃತ್ತಿನಲ್ಲಿ ಒಡೆಯುವಾಗ ಯೂರಿಕ್ ಆಸಿಡ್ ಹುಟ್ಟುತ್ತದೆ. ತಂಪು ಪಾನೀಯದ ಬಾಟಲಿ, ಪ್ಯಾಕೆಟ್ ಜ್ಯೂಸ್, ಸಕ್ಕರೆ ಸುರಿದ ಪುನರ್ಪುಳಿ ಷರಬತ್ತು, ಗಡ್‌ಬಡ್ ಐಸ್‌ಕ್ರೀಂ ಎಲ್ಲವೂ ಈ ಪಟ್ಟಿಗೆ ಸೇರುತ್ತವೆ. ಬೆಲ್ಲ, ಜೇನಿಗೂ ವಿನಾಯಿತಿ ಇಲ್ಲ. ಮೀನು ಮುಟ್ಟದ ಮನೆಗಳಲ್ಲೂ ಗೌಟ್ ಏಕೆ ಬರುತ್ತದೆ ಎಂಬ ಪ್ರಶ್ನೆಗೆ ಮೂತ್ರಪಿಂಡ, ವಂಶ, ಹೊಟ್ಟೆಯ ಸುತ್ತಳತೆಯ ಜೊತೆ ಇದನ್ನೂ ಸೇರಿಸಿಕೊಳ್ಳಿ. ಮದ್ಯದಲ್ಲಿ ಬಿಯರ್‌ನದು ಎರಡು ಪಟ್ಟಿನ ದೋಷ, ಅದರಲ್ಲಿ ಪ್ಯೂರಿನ್ ಕೂಡ ಇದೆ. ‘ನೈಸರ್ಗಿಕ’ ಎಂಬ ನೆಪಕ್ಕೆ ಶೇಂದಿಯೂ ಪಾರಾಗುವುದಿಲ್ಲ.

ಮಾರ್ಚ್‌ನಿಂದ ಮೇವರೆಗಿನ ಬೆವರು, ಏಕಾದಶಿಯ ನಿರ್ಜಲ ಉಪವಾಸ, ತಿಂಗಳಲ್ಲಿ ಹತ್ತು ಕಿಲೊ ಇಳಿಸುವ ಹಟ, ಇವು ಮೂರೂ ನೋವನ್ನು ಕೆರಳಿಸಬಲ್ಲವು. ಉಪವಾಸ ಮಾಡುವವರು ನೀರನ್ನಾದರೂ ಕುಡಿಯಲಿ. ಹೃದಯ, ಮೂತ್ರಪಿಂಡದ ತೊಂದರೆಯಿಂದ ನೀರಿಗೆ ಮಿತಿ ಇರುವವರು ಆ ಮಿತಿಯಲ್ಲೇ ಇರಬೇಕು. ತೂಕ ನಿಧಾನವಾಗಿ ಇಳಿಯಲಿ.

ಎಷ್ಟು ವರ್ಷ ನುಂಗಬೇಕು?

ಎಲ್ಲರೂ ಕೇಳುವ ಪ್ರಶ್ನೆ ಇದು. ಬಹುಮಟ್ಟಿಗೆ ಜೀವನಪೂರ್ತಿ, ಬಿಪಿ ಮಾತ್ರೆಯ ಹಾಗೆಯೇ. ಸಂಖ್ಯೆ 6ಕ್ಕಿಂತ ಕೆಳಗೆ ನಿಂತರೆ ಹರಳು ಕರಗುತ್ತಾ ಹೋಗಿ ನೋವಿನ ಸರದಿಗಳು ಅಪರೂಪವಾಗುತ್ತವೆ. ಗಂಟುಗಳು ಕರಗಲು ವರ್ಷಗಳೇ ಬೇಕಾಗಬಹುದು. ಗುರಿ ಮುಟ್ಟಿದ ಮೇಲೆ ಆರು ತಿಂಗಳಿಗೊಮ್ಮೆಯೋ ವರ್ಷಕ್ಕೊಮ್ಮೆಯೋ ರಕ್ತ ನೋಡಿದರೆ ಸಾಕು. ಗಂಟು ಪೂರ್ತಿ ಕರಗಿ ವರ್ಷಗಟ್ಟಲೆ ನೋವಿಲ್ಲದೆ ಇದ್ದವರಿಗೆ ವೈದ್ಯರು ಪ್ರಮಾಣವನ್ನು ಸ್ವಲ್ಪ ಇಳಿಸಿ ನೋಡಬಹುದು, ಆಗಲೂ 6ರ ಗೆರೆ ದಾಟುವಂತಿಲ್ಲ. ಖರ್ಚಿನ ಚಿಂತೆಯಿದ್ದರೆ ಜನೌಷಧಿ ಕೇಂದ್ರದಲ್ಲಿ ಬ್ರ್ಯಾಂಡ್ ಹೆಸರಿನ ಬದಲು ಔಷಧದ ಹೆಸರು ಹೇಳಿ ಕೇಳಿ. ಮುಂಬೈಗೋ ದುಬೈಗೋ ಹೊರಟವರು ಚೀಟಿಯ ಸಮೇತ ಪೂರ್ತಿ ಅವಧಿಯ ಮಾತ್ರೆ ಕಟ್ಟಿಕೊಳ್ಳಿ. ಊರಿಗೆ ಬಂದ ಮೇಲೆ ಮುಂದುವರಿಸುತ್ತೇನೆ ಎಂದು ಬಿಟ್ಟ ಮಾತ್ರೆಗೆ ಕಾಲು ಅಲ್ಲಿಯೇ ಉತ್ತರ ಕೊಡುತ್ತದೆ.