ಅಬ್ಬಕ್ಕನ ಲೇಖನ: ಯಾವ ಮಾತು ಯಾರದ್ದು ಅಂತ ಹುಡುಕಿದ್ದು

ಉಲ್ಲೇಖವೇ ಇಲ್ಲದ ಲೇಖನ ತಿದ್ದುವುದು ಸುಲಭ. ಉಲ್ಲೇಖ ತುಂಬಿ ತುಳುಕುವ ಲೇಖನ ಇದೆಯಲ್ಲ, ಅದೇ ನಿಜವಾದ ತಲೆನೋವು. ಉಳ್ಳಾಲದ ರಾಣಿ ಅಬ್ಬಕ್ಕನ ಬಗ್ಗೆ ವಿಕಿಪೀಡಿಯದಲ್ಲಿರುವ ಲೇಖನ ತಿದ್ದಲು ಕೂತಾಗ ನನ್ನ ಕೈಗೆ ಸಿಕ್ಕಿದ್ದೆಲ್ಲ ಈ ಎರಡನೇ ಜಾತಿಯವು. ಪತ್ರಿಕೆಗಳ ವಿಶೇಷ ಪುಟ, ಪ್ರವಾಸಿ ಕೈಪಿಡಿ, ಸ್ಮರಣ ಸಂಚಿಕೆ, ಎಲ್ಲದರಲ್ಲೂ ಕಥೆ ಹೆಚ್ಚುಕಡಿಮೆ ಒಂದೇ. 1555ರಲ್ಲಿ ಪೋರ್ಚುಗೀಸರು ಬಂದರು, ಅಬ್ಬಕ್ಕ ಹಿಮ್ಮೆಟ್ಟಿಸಿದಳು. 1568ರಲ್ಲಿ ಮತ್ತೆ ಬಂದರು, ಮತ್ತೆ ಕಾದಾಡಿದಳು. ಗಂಡ ಮಂಗಳೂರಿನ ಬಂಗ ಅರಸ, ಅವನ ಜೊತೆ ಜಗಳವಾಗಿ ಒಡವೆಗಳನ್ನೆಲ್ಲ ವಾಪಸ್ ಕಳಿಸಿಬಿಟ್ಟಳು, ಅವನು ಸೇಡಿಗೆ ಪೋರ್ಚುಗೀಸರನ್ನು ಕರೆತಂದ. ಕೊನೆಗೆ, ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಆಕೆಯನ್ನು ಕಣ್ಣಾರೆ ಕಂಡು ಬರೆದಿದ್ದಾನೆ ಅಂತ ಒಂದು ಸಾಲು.

ಆ ಕೊನೆಯ ಸಾಲೇ ನನ್ನನ್ನು ಹಿಡಿದು ನಿಲ್ಲಿಸಿತು. ದೆಲ್ಲಾ ವಾಲ್ಲೆ ಈ ಕಡೆ ಬಂದದ್ದು 1623ರ ಕೊನೆಗೆ. 1555ರಲ್ಲಿ ಸೈನ್ಯ ನಡೆಸಿದವಳಿಗೆ ಆಗ ಎಷ್ಟು ವಯಸ್ಸಾಗಿರಬೇಕು? ಮಧ್ಯೆ 68 ವರ್ಷ ಇದೆ. ಇಪ್ಪತ್ತರಲ್ಲೇ ಪಟ್ಟಕ್ಕೆ ಬಂದಿದ್ದಳು ಅಂದುಕೊಂಡರೂ ತೊಂಬತ್ತರ ಹತ್ತಿರದ ಮುದುಕಿ.

ನಾನು ಇಂಥ ಲೇಖನಕ್ಕೆ ಮಾಡುವ ಮೊದಲ ಕೆಲಸ ತುಂಬ ಬೋರು ಹೊಡೆಸುವಂಥದ್ದು. ಲೇಖನವನ್ನು ವಾಕ್ಯ ವಾಕ್ಯವಾಗಿ ಬಿಡಿಸಿ ಒಂದು ಶೀಟಿನಲ್ಲಿ ಹಾಕಿಕೊಳ್ಳುತ್ತೇನೆ. ಪ್ರತಿ ವಾಕ್ಯದ ಪಕ್ಕ ಎರಡೇ ಪ್ರಶ್ನೆ: ಇದನ್ನು ಮೊದಲು ಹೇಳಿದವರು ಯಾರು, ಅವರಿಗೆ ಅದು ಗೊತ್ತಾದದ್ದು ಹೇಗೆ. ಪುಸ್ತಕದ ಹೆಸರು ಇದ್ದ ಮಾತ್ರಕ್ಕೆ ಆ ಸಾಲಿಗೆ ಟಿಕ್ ಹಾಕುವುದಿಲ್ಲ, ಪುಟ ತೆಗೆದು ಓದಿದ ಮೇಲೆ ಮಾತ್ರ. ಇತ್ತೀಚಿನ ವಿಷಯಗಳು ಹೀಗೆ ಬೇಗ ಮುಗಿಯುತ್ತವೆ. ಕರಾವಳಿ ಕಾವಲು ಪಡೆಯ ಒಂದು ಗಸ್ತು ಹಡಗಿಗೆ ಆಕೆಯ ಹೆಸರಿದೆ, ಅದು ಸೇವೆಗೆ ಸೇರಿದ್ದು 2012ರಲ್ಲಿ. ಸರ್ಕಾರಿ ಪ್ರಕಟಣೆ ಸಾಕು. ಆದರೆ ಅದೇ ಪ್ರಕಟಣೆಯಲ್ಲಿ ಅಬ್ಬಕ್ಕನ ಬಗ್ಗೆ ಇರುವ ನಾಲ್ಕು ಸಾಲಿನ ಪರಿಚಯವನ್ನು 16ನೇ ಶತಮಾನಕ್ಕೆ ಸಾಕ್ಷಿ ಅಂತ ತರಬಾರದು. ಹಡಗಿಗೆ ಅದು ಮೂಲ, ರಾಣಿಗೆ ಅಲ್ಲ.

ದೆಲ್ಲಾ ವಾಲ್ಲೆಯ ಪುಸ್ತಕ ಸಿಗುವುದೇನೂ ಕಷ್ಟವಲ್ಲ. ಆತ ನೇಪಲ್ಸ್‌ನಲ್ಲಿದ್ದ ಗೆಳೆಯನಿಗೆ ಬರೆದ ಪತ್ರಗಳು ಅವು. ಭಾರತದ ಭಾಗ ಇಂಗ್ಲಿಷಿಗೆ 1664ರಲ್ಲೇ ಬಂದಿದೆ, ಅದನ್ನೇ ಹಳೆಯ ಪ್ರವಾಸಕಥನಗಳನ್ನು ಪ್ರಕಟಿಸುವ ಹ್ಯಾಕ್ಲೂಟ್ ಸೊಸೈಟಿ 1892ರಲ್ಲಿ ಟಿಪ್ಪಣಿ ಸೇರಿಸಿ ಮತ್ತೆ ಅಚ್ಚು ಹಾಕಿಸಿತು. ಹಕ್ಕುಸ್ವಾಮ್ಯ ಮುಗಿದಿರುವುದರಿಂದ ಇಂಟರ್ನೆಟ್ ಆರ್ಕೈವ್‌ನಲ್ಲಿ ಬಿಟ್ಟಿಯಾಗಿ ಓದಬಹುದು. ಒಂದು ತೊಡಕು: ಉಳ್ಳಾಲ ಅಂತ ಹುಡುಕಿದರೆ ಏನೂ ಸಿಗುವುದಿಲ್ಲ. ಅವನಿಗೆ ಉಳ್ಳಾಲ ‘ಒಲಾಲಾ’, ಬಂಗ ಅರಸ ‘ಬಂಘೆಲ್’.

ಆ ಪುಟಗಳು ಸಿಕ್ಕ ಮೇಲೆ ಬೇರೆಲ್ಲ ಬಿಟ್ಟು ಅಲ್ಲೇ ಕೂತೆ. ರಾಣಿ ಅರಮನೆಯಲ್ಲಿ ಸಿಗುವುದಿಲ್ಲ, ದಾರಿಯಲ್ಲಿ ಎದುರಾಗುತ್ತಾಳೆ. ಹೊಲಗಳಿಗೆ ನೀರು ಹಾಯಿಸಲು ಕಾಲುವೆ ತೋಡಿಸುತ್ತಿದ್ದಾಳೆ, ಆ ಕೆಲಸ ನೋಡಲು ನಡೆದೇ ಹೋಗುತ್ತಿದ್ದಾಳೆ. ಬರಿಗಾಲು, ಸೊಂಟಕ್ಕೆ ದಪ್ಪನೆಯ ಬಿಳಿ ಹತ್ತಿ ಬಟ್ಟೆ, ತಲೆಗೆ ಸುತ್ತಿದ ಇನ್ನೊಂದು ಬಟ್ಟೆ, ಮೇಲೆ ತಾಳೆಗರಿಯ ಕೊಡೆ. ಅಡುಗೆಮನೆಯ ಆಳೋ ಬಟ್ಟೆ ಒಗೆಯುವವಳೋ ಅನ್ನುವ ಹಾಗೆ ಕಂಡಳು ಅಂತ ಬರೆಯುತ್ತಾನೆ. ಸ್ಪೇನ್ ದೊರೆಯ ಸೈನ್ಯವನ್ನು ಸೋಲಿಸಿದವರು ಇವರೇನಾ ಅಂತ ಮನಸ್ಸಿನಲ್ಲೇ ಅಂದುಕೊಳ್ಳುತ್ತಾನೆ. ಆದರೆ ಮಾತಿಗೆ ನಿಂತಾಗ ಆಕೆಯ ದನಿ, ತಿಳಿವಳಿಕೆ ಎರಡನ್ನೂ ಹೊಗಳುತ್ತಾನೆ. ವಯಸ್ಸು? ಸುಮಾರು ನಲವತ್ತು.

ಅದಕ್ಕಿಂತ ಚೆನ್ನಾಗಿರುವುದು ಇದರ ಮುಂದಿನ ಮಾತು. ಪೋರ್ಚುಗೀಸರು ಅವನಿಗೆ ಆಕೆ ತುಂಬ ವಯಸ್ಸಾದವಳು ಅಂದಿದ್ದರಂತೆ. ಹಲ್ಲೇ ಇಲ್ಲ, ಅದಕ್ಕೇ ಅರ್ಧ ಮುಖ ಮುಚ್ಚಿಕೊಂಡು ಓಡಾಡುತ್ತಾಳೆ ಅಂತಲೂ ಹೇಳಿದ್ದರಂತೆ. ನನಗಂತೂ ಅಂಥ ಕೊರತೆ ಏನೂ ಕಾಣಲಿಲ್ಲ ಅಂತ ಆತ ದಾಖಲಿಸಿದ್ದಾನೆ. ನೋಡಿ, ಕೇಳಿದ್ದನ್ನೂ ಕಂಡದ್ದನ್ನೂ ಬೇರೆ ಬೇರೆ ಇಟ್ಟು ಬರೆದಿದ್ದಾನೆ ಅಲ್ವಾ? ಮೂಲ ಪರಿಶೀಲಿಸುವವನಿಗೆ ಇಂಥ ಸಾಕ್ಷಿ ಸಿಕ್ಕರೆ ಹಬ್ಬ. ಹಾಗಂತ ಆತ ಹೇಳಿದ್ದೆಲ್ಲ ವೇದವಾಕ್ಯ ಅಲ್ಲ. ಮಾತುಕತೆ ನಡೆದದ್ದು ದುಭಾಷಿಯ ಮೂಲಕ, ಗೋವಾದಿಂದ ಹೊರಟದ್ದು ಅಲ್ಲಿನ ಪೋರ್ಚುಗೀಸರ ರಾಯಭಾರಿಯ ಬಳಗದಲ್ಲಿ. ಮೈಬಣ್ಣದ ಬಗ್ಗೆ ಅವನು ಆಡುವ ಮಾತು ರಾಣಿಗಿಂತ ಅವನನ್ನೇ ಜಾಸ್ತಿ ತೋರಿಸುತ್ತದೆ, ಹಾಗಾಗಿ ಅದನ್ನು ಲೇಖನಕ್ಕೆ ತರಲಿಲ್ಲ. ಅಡುಗೆಯಾಳಿನ ಹೋಲಿಕೆಯನ್ನು ಮಾತ್ರ ಉಳಿಸಿಕೊಂಡೆ. ಅಭಿಮಾನದಿಂದ ಬರೆಯುವವರು ಅದನ್ನು ಕತ್ತರಿಸಿ ಸೈನ್ಯ ಸೋಲಿಸಿದ ಭಾಗವನ್ನಷ್ಟೇ ಎತ್ತಿಕೊಳ್ಳುತ್ತಾರೆ. ಎರಡೂ ಇದ್ದರೇನೇ ಅವನ ಬೆರಗು ಓದುಗರಿಗೆ ತಿಳಿಯುವುದು.

ಸ್ಪೇನ್ ದೊರೆ ಯಾಕೆ ಬಂದ ಅಂತ ಕೇಳಬಹುದು. 1580ರಿಂದ 1640ರವರೆಗೆ ಪೋರ್ಚುಗಲ್ ಸ್ಪೇನಿನ ದೊರೆಯ ಕೈಕೆಳಗೆ ಇತ್ತು. ಅಂದರೆ ಈ ಮಾತು 1623ಕ್ಕೆ ಸರಿಹೊಂದುತ್ತದೆ, 1568ರ ಯುದ್ಧಕ್ಕೆ ಹೊಂದುವುದೇ ಇಲ್ಲ. ಇಷ್ಟು ಚಿಕ್ಕ ಎಳೆಯಿಂದಲೇ ಕೆಲವೊಮ್ಮೆ ಇಡೀ ಗಂಟು ಬಿಚ್ಚಿಕೊಳ್ಳುತ್ತದೆ.

ಇನ್ನು ಒಡವೆಯ ಕಥೆ. ಗಂಡನನ್ನು ಬಿಟ್ಟದ್ದು, ಒಡವೆ ಹಿಂದಿರುಗಿಸಿದ್ದು, ಆಮೇಲೆ ಇಕ್ಕೇರಿಯ ವೆಂಕಟಪ್ಪ ನಾಯಕನ ನೆರವು ಕೇಳಿದ್ದು, ಬಂಗ ಅರಸನ ಪರ ಪೋರ್ಚುಗೀಸರು ನಿಂತದ್ದು, ಇದೆಲ್ಲ ದೆಲ್ಲಾ ವಾಲ್ಲೆ ಹೇಳುವುದು ತಾನು ಕಂಡ ರಾಣಿಯ ಬಗ್ಗೆ. ವೆಂಕಟಪ್ಪ ನಾಯಕನ ಆಸ್ಥಾನಕ್ಕೇ ಆ ರಾಯಭಾರಿ ಹೊರಟಿದ್ದದ್ದು, ಅಂದರೆ ಅವನೂ ಆಗ ಬದುಕಿದ್ದ ದೊರೆ. ನಮ್ಮ ಬರಹಗಳಲ್ಲಿ ಈ ಗಂಡ, ಈ ಒಡವೆ, ಈ ಜಗಳ ಎಲ್ಲವೂ ಸೀದಾ 1550ರ ದಶಕಕ್ಕೆ ಹೋಗಿ ಕೂತಿವೆ. ಒಬ್ಬಳ ಸಂಸಾರ ತೆಗೆದು ಇನ್ನೊಬ್ಬಳ ಯುದ್ಧಕ್ಕೆ ಅಂಟಿಸಿದ್ದಾರೆ. ಯಾರೂ ಬೇಕಂತಲೇ ಮಾಡಿದ್ದಲ್ಲ ಅನ್ನಿ. ಹಳೆಯ ಬರಹಗಳಲ್ಲಿ ಆಳಿದ ಹೆಂಗಸರು ಎಷ್ಟೋ ಕಡೆ ಸುಮ್ನೆ ‘ಒಲಾಲಾದ ರಾಣಿ’ ಅಂತ ಬರುತ್ತಾರೆ. ಗಂಡು ಅರಸನಾಗಿದ್ದರೆ ಅಪ್ಪನ ಹೆಸರು, ಬಿರುದು, ಪಟ್ಟವಾದ ವರ್ಷ ಅಂತ ನಾಲ್ಕು ಗುರುತು ಇರುತ್ತಿದ್ದವು. ಅದಿಲ್ಲದಿದ್ದಾಗ ಇಬ್ಬರು ಮೂವರು ರಾಣಿಯರು ಕರಗಿ ಒಬ್ಬಳಾಗುವುದು ಬಹಳ ಸುಲಭ. ಉಳ್ಳಾಲ ಆಳಿದ ಚೌಟರದ್ದು ಅಳಿಯಸಂತಾನದ ಮನೆತನ, ತಾಯಿಯ ಕಡೆಯಿಂದ ಪಟ್ಟ ಸಾಗುತ್ತಿತ್ತು. ಒಬ್ಬ ರಾಣಿಯ ನಂತರ ಇನ್ನೊಬ್ಬ ರಾಣಿ ಬರುವುದು ಅಲ್ಲಿ ಹೊಸದೇನಲ್ಲ.

ಇಲ್ಲಿ ವಿಕಿಪೀಡಿಯದ ನಿಯಮ ಅಡ್ಡ ಬರುತ್ತದೆ, ಬರಬೇಕು ಕೂಡ. ಸ್ವಂತ ಸಂಶೋಧನೆ ಹಾಕುವಂತಿಲ್ಲ. ಕೂಡು ಕಳೆ ಮಾಡಿ 68 ವರ್ಷ ಅಂತ ತೋರಿಸಬಹುದು, ಅದಕ್ಕೆ ಅಭ್ಯಂತರ ಇಲ್ಲ. ಆದರೆ ‘ಹಾಗಾಗಿ ಅಬ್ಬಕ್ಕಂದಿರು ಇಬ್ಬರು’ ಅಂತ ನಾನೇ ತೀರ್ಪು ಬರೆಯುವಂತಿಲ್ಲ. ಒಂದಕ್ಕಿಂತ ಹೆಚ್ಚು ರಾಣಿಯರು ಇದ್ದರು ಅಂತ ಇತಿಹಾಸಕಾರರು ಆಗಲೇ ಹೇಳಿದ್ದಾರೆ, ಆ ಮಾತನ್ನು ಅವರ ಹೆಸರಿನಲ್ಲೇ ಹಾಕಿದೆ. 1550 ಮತ್ತು 1560ರ ದಶಕದ ಯುದ್ಧಗಳನ್ನು ಒಂದು ವಿಭಾಗ ಮಾಡಿದೆ, 1623ರ ಭೇಟಿಯನ್ನು ಇನ್ನೊಂದು. ಯುದ್ಧದ ಭಾಗಕ್ಕೆ ಪೋರ್ಚುಗೀಸ್ ದಾಖಲೆಗಳ ಮೇಲೆ ಕೆಲಸ ಮಾಡಿದವರ ಪುಸ್ತಕಗಳೇ ಆಧಾರ. ಅವು ಎದುರಾಳಿಯ ಕಡೆಯ ಲೆಕ್ಕ ಅನ್ನುವುದನ್ನು ಮರೆಯಬಾರದು. ಗೆದ್ದದ್ದು ದೊಡ್ಡದಾಗಿ, ಸೋತದ್ದು ಚಿಕ್ಕದಾಗಿ ಬರುತ್ತದೆ. ಹಾಗಾಗಿ ತಮ್ಮ ಸೋಲನ್ನು ತಾವೇ ಒಪ್ಪಿಕೊಂಡು ಬರೆದ ಕಡೆ ನಾನು ಜಾಸ್ತಿ ನಂಬುತ್ತೇನೆ.

ಉಳಿದ ಉಲ್ಲೇಖಗಳಲ್ಲಿ ಎಷ್ಟೋ ಒಂದರ ನಕಲು ಇನ್ನೊಂದು. ಪತ್ತೆ ಮಾಡಲು ಸುಲಭದ ದಾರಿ ಅಂದರೆ ತಪ್ಪುಗಳನ್ನು ಹಿಂಬಾಲಿಸುವುದು. ಪೋರ್ಚುಗೀಸ್ ಹೆಸರೊಂದು ಒಂದೇ ರೀತಿ ತಪ್ಪಾಗಿ ಐದಾರು ಬರಹಗಳಲ್ಲಿ ಬಂದಿದ್ದರೆ ಅವು ಐದಾರು ಸಾಕ್ಷಿಗಳಲ್ಲ, ಒಂದೇ. ಪತ್ರಿಕೆಯ ಬರಹದ ತಾರೀಖು ನೋಡಿ, ವಿಕಿಪೀಡಿಯ ಲೇಖನದ ‘ಇತಿಹಾಸ’ ಪುಟದಲ್ಲಿ (ಯಾವ ತಿದ್ದುಪಡಿ ಯಾವಾಗ ಆಯಿತು ಅಂತ ತೋರಿಸುವ ಪುಟ) ಆ ವಾಕ್ಯ ಯಾವತ್ತು ಸೇರಿತು ಅಂತ ನೋಡಿ. ವಾಕ್ಯ ಮೊದಲು ವಿಕಿಪೀಡಿಯದಲ್ಲಿ ಬಂದು, ಅಲ್ಲಿಂದ ಪತ್ರಿಕೆಗೆ ಹೋಗಿ, ಆಮೇಲೆ ಅದೇ ಪತ್ರಿಕೆ ಆ ವಾಕ್ಯಕ್ಕೆ ಉಲ್ಲೇಖವಾಗಿ ವಾಪಸ್ ಬಂದಿರುವುದೂ ಉಂಟು.

ಅಬ್ಬಕ್ಕ ಬೆಂಕಿಬಾಣ ಬಿಟ್ಟು ಕಾದಾಡಿದಳು ಅನ್ನುವ ಕಥೆ, ಸೆರೆಯಲ್ಲೂ ದಂಗೆ ಎದ್ದು ಪ್ರಾಣ ಬಿಟ್ಟಳು ಅನ್ನುವ ಕಥೆ ಇವನ್ನು ಅಳಿಸಲಿಲ್ಲ. ಜನರ ನೆನಪಿನಲ್ಲಿ ಅಬ್ಬಕ್ಕ ಉಳಿದದ್ದೇ ಹಾಡು, ಯಕ್ಷಗಾನ, ಹೇಳಿಕೆಗಳಲ್ಲಿ. ಅದೂ ಆಕೆಯ ಇತಿಹಾಸದ ಭಾಗವೇ. ‘ಜನಪದದಲ್ಲಿ’ ಅನ್ನುವ ವಿಭಾಗ ಮಾಡಿ ಅಲ್ಲಿ ಇಟ್ಟೆ, ‘ಎಂದು ಹೇಳುತ್ತಾರೆ’ ಅಂತ ತೇಲಿಸದೆ ಯಾರು, ಎಲ್ಲಿ ಹೇಳುತ್ತಾರೆ ಅಂತ ಬರೆದೆ.

ಚಿತ್ರದ ಅಡಿಬರಹವನ್ನೂ ಬದಲಿಸಬೇಕಾಯಿತು. ಉಳ್ಳಾಲದ ಪ್ರತಿಮೆ ಇಂದಿನ ಶಿಲ್ಪಿಯ ಕಲ್ಪನೆ, ಹಾಗಂತಲೇ ಈಗ ಬರೆದಿದೆ. ಮಾಹಿತಿ ಚೌಕದಲ್ಲಿ ಜನ್ಮ ವರ್ಷ, ಮರಣ ವರ್ಷ ಎರಡನ್ನೂ ತೆಗೆದುಬಿಟ್ಟೆ. ಖಾಲಿ ಜಾಗ ಕಂಡರೆ ಯಾರಿಗೂ ಸಮಾಧಾನ ಇರುವುದಿಲ್ಲ, ಯಾರಾದರೂ ಬಂದು ಒಂದು ವರ್ಷ ತುಂಬಿ ಹೋಗುತ್ತಾರೆ. ನಾನು ಅಳಿಸಿ, ಚರ್ಚೆ ಪುಟದಲ್ಲಿ ಆ 68 ವರ್ಷದ ಲೆಕ್ಕ ತೋರಿಸಿ, ಯಾವ ಪುಸ್ತಕ, ಯಾವ ಪುಟ ಅಂತ ಕೇಳುತ್ತೇನೆ. ಪುಟ ಸಂಖ್ಯೆ ಬಂದ ದಿನ ವರ್ಷ ಹಾಕೋಣ.